ಕಲ್ಲಿದ್ದಲು ಸೆಸ್, ಕಾರ್ಬನ್ ಕ್ರೆಡಿಟ್, ಸೋಲಾರ್: ಎನರ್ಜಿ ಆಡಿಟರ್‌ಗೆ ಕೇಳಿ

ಅಡ್ಮಿನ್: ನಮಸ್ಕಾರ. ನಮ್ಮ ಗುಂಪಿನ ಎನರ್ಜಿ ಆಡಿಟರ್ ಇವತ್ತು ಸಂಜೆ ಏಳರಿಂದ ಸಿಗುತ್ತಾರೆ. ಹೊಗೆ ಬಿಡುವವರಿಗೆ ಹಾಕೋ ಇಂಗಾಲದ ಬೆಲೆ, ಅದರಿಂದ ಸೋಲಾರ್ ಮತ್ತು ಗಾಳಿ ಕರೆಂಟಿಗೆ ಏನು ಉಪಯೋಗ, ಇದು ವಿಷಯ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹಾಸನದ ಮೇಷ್ಟ್ರು: ಸರ್, ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇನೆ. ಇದಕ್ಕೆ ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತಂತೆ, ನಿಜಾನಾ?

ಆಡಿಟರ್: ಲೆಕ್ಕ ಹಾಕೋಣ ಮೇಷ್ಟ್ರೇ. ಕ್ರೆಡಿಟ್ ಅಂದ್ರೆ ಉಳಿಸಿದ ಒಂದೊಂದು ಟನ್ ಹೊಗೆಗೆ ಸಿಗೋ, ಮಾರಬಹುದಾದ ಪತ್ರ. 3 ಕಿಲೋವ್ಯಾಟ್ ಅಂದ್ರೆ ವರ್ಷಕ್ಕೆ ಹತ್ತಿರಹತ್ತಿರ 4,000 ಯೂನಿಟ್. ಅಷ್ಟು ಕರೆಂಟ್ ಗ್ರಿಡ್‌ನಿಂದ ಬಂದಿದ್ದರೆ ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್. ಟನ್ನಿಗೆ 300 ರೂಪಾಯಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 900. ಅದನ್ನು ನೋಂದಾಯಿಸಿ ತಪಾಸಣೆ ಮಾಡಿಸೋ ಖರ್ಚು ಲಕ್ಷದ ಲೆಕ್ಕ. ನಿಮ್ಮ ಲಾಭ ಇರೋದು 78,000 ಸಬ್ಸಿಡಿಯಲ್ಲಿ, ಬಿಲ್ ಇಳಿಯೋದರಲ್ಲಿ. ಕ್ರೆಡಿಟ್ ಮರೆತುಬಿಡಿ.

ಮಂಡ್ಯ ಬೆಲ್ಲ: ಸರ್, ನಮ್ಮದೂ 3 ಕಿಲೋವ್ಯಾಟ್. ಕ್ರೆಡಿಟ್ ಬರುತ್ತಾ?

ಆಡಿಟರ್: ಮೇಲೆ ಬರೆದಿದ್ದೇನೆ.

ಶಿರಸಿ ಅಡಿಕೆ: ಸರ್, ಅಡಿಕೆ ತೋಟಕ್ಕೆ ಕ್ರೆಡಿಟ್ ಕೊಡಿಸ್ತೀವಿ ಅಂತ ಒಬ್ಬರು ಪಹಣಿ ಕೇಳ್ತಿದ್ದಾರೆ. ಕೊಡಬಹುದಾ?

ಬೆಳಗಾವಿ ಫೌಂಡ್ರಿ: ನಮಸ್ಕಾರ ಸರ್. ನಮ್ಮದು ಸಣ್ಣ ಫೌಂಡ್ರಿ, ಇಂಡಕ್ಷನ್ ಫರ್ನೇಸ್. ಪೈಪ್ ಫಿಟ್ಟಿಂಗ್, ಮ್ಯಾನ್‌ಹೋಲ್ ಮುಚ್ಚಳ ಮಾಡಿ ಜರ್ಮನಿಗೆ ಕಳಿಸುತ್ತೇವೆ. ಯುರೋಪಿನ ಗಡಿ ಕಾರ್ಬನ್ ಶುಲ್ಕ, ಅದೇ ಸಿಬ್ಯಾಮ್, 2026ರ ಜನವರಿಯಿಂದ ಲೆಕ್ಕಕ್ಕೆ ಬಂತು ಅಂತ ಅಲ್ಲಿಯವರು ದೊಡ್ಡ ಎಕ್ಸೆಲ್ ಶೀಟ್ ಕಳಿಸಿದ್ದಾರೆ. ಇಲ್ಲಿ ಒಬ್ಬ ಸೋಲಾರ್ ಏಜೆಂಟ್ 500 ಕಿಲೋವ್ಯಾಟ್ ಹಾಕಿಸಿ, ಸಿಬ್ಯಾಮ್ ಸೊನ್ನೆ ಆಗುತ್ತೆ ಅನ್ನುತ್ತಿದ್ದಾನೆ. ಅಡ್ವಾನ್ಸ್ ಕೊಡಲಾ?

ಆಡಿಟರ್: ತಡೀರಿ, ಚೆಕ್ಕಿಗೆ ಸಹಿ ಹಾಕಬೇಡಿ. ಇದೊಂದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸಿಮೆಂಟ್ ಮತ್ತು ಗೊಬ್ಬರಕ್ಕೆ ಸಿಬ್ಯಾಮ್ ಕರೆಂಟಿನ ಹೊಗೆಯನ್ನೂ ಎಣಿಸುತ್ತದೆ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂಗೆ ಸದ್ಯ ಎಣಿಸುವುದಿಲ್ಲ. ನೇರವಾಗಿ ಸುಟ್ಟ ಹೊಗೆ ಮಾತ್ರ. ನಿಮ್ಮದು ಇಂಡಕ್ಷನ್, ಕರೆಂಟಿನಲ್ಲೇ ಕರಗಿಸುತ್ತೀರಿ. ಆ ಕರೆಂಟು ರಾಯಚೂರಿನ ಕಲ್ಲಿದ್ದಲಿನದೋ ಬಿಸಿಲಿನದೋ, ಸಿಬ್ಯಾಮ್ ಲೆಕ್ಕದಲ್ಲಿ ಎರಡೂ ಒಂದೇ. 500 ಅಲ್ಲ, 5,000 ಕಿಲೋವ್ಯಾಟ್ ಹಾಕಿದರೂ ಆ ಕಾಲಮ್ಮಿನ ಅಂಕಿ ಕದಲುವುದಿಲ್ಲ.

ನಿಮ್ಮ ಲೆಕ್ಕ ಇರುವುದು ಫರ್ನೇಸಿಗೆ ಏನು ಹಾಕುತ್ತೀರಿ ಅನ್ನುವುದರಲ್ಲಿ. ಪಿಗ್ ಐರನ್, ಅಂದ್ರೆ ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ, ಹಾಕಿದರೆ, ಅದನ್ನು ಕೋಕ್ ಸುಟ್ಟು ಮಾಡಿದ ಬ್ಲಾಸ್ಟ್ ಫರ್ನೇಸಿನ ಹೊಗೆಯೆಲ್ಲ ನಿಮ್ಮ ಫಿಟ್ಟಿಂಗಿನ ತಲೆ ಮೇಲೆ ಬರುತ್ತದೆ. ಗುಜರಿ ಸ್ಕ್ರ್ಯಾಪ್ ಹಾಕಿದರೆ ಅದಕ್ಕೆ ಸೊನ್ನೆ. ಹಾಗಾಗಿ ಒಂದೊಂದು ಹೀಟ್‌ಗೆ, ಅಂದ್ರೆ ಒಂದೊಂದು ಸಲ ಕರಗಿಸುವಾಗ, ಪಿಗ್ ಎಷ್ಟು, ಸ್ಕ್ರ್ಯಾಪ್ ಎಷ್ಟು ಅನ್ನೋ ರಿಜಿಸ್ಟರ್ ಇದೆಯಾ? ನಿಜವಾದ ಅಂಕಿ ಕೊಡದಿದ್ದರೆ ಅವರೇ ಒಂದು ಡಿಫಾಲ್ಟ್ ಅಂಕಿ ಹಾಕಿ, ಮೇಲೆ ಒಂದಷ್ಟು ಸೇರಿಸುತ್ತಾರೆ. ದುಡ್ಡು ಕಟ್ಟುವುದು ನೀವಲ್ಲ, ಅಲ್ಲಿ ತರಿಸಿಕೊಳ್ಳುವವರು. ಆದರೆ ಮುಂದಿನ ಆರ್ಡರಿನಲ್ಲಿ ರೇಟು ಹಿಂಡುವುದು ನಿಮ್ಮನ್ನೇ. ಅವರು ವರ್ಷಕ್ಕೆ ತರಿಸುವ ಸಿಬ್ಯಾಮ್ ಸರಕು ಒಟ್ಟು 50 ಟನ್ ದಾಟದಿದ್ದರೆ ವಿನಾಯಿತಿ ಇದೆ, ಅದನ್ನೂ ಕೇಳಿ.

ಸೋಲಾರ್ ಹಾಕಿಸಿ, ಬೇಡ ಅನ್ನಲ್ಲ. ಕಾರ್ಖಾನೆಯ ಕರೆಂಟ್ ಬಿಲ್ ಇಳಿಯುತ್ತದೆ. ಅದು ಬೇರೆ ಲೆಕ್ಕ. ನಿಮ್ಮ ಸರಕಿನ ಎಚ್‌ಎಸ್ ಕೋಡ್, ಅಂದ್ರೆ ಕಸ್ಟಮ್ಸ್ ನಂಬರ್ ಎಷ್ಟು, ಹೇಳಿ.

ರಾಯಚೂರು ಹುಡುಗ: ಸರ್, ನಮ್ಮ ಶಕ್ತಿನಗರದ ಕಡೆ ಒಣಗಿದ ಬಟ್ಟೆಯನ್ನು ಬೂದಿ ಕೊಡವಿ ಮಡಚಬೇಕು. ಕಲ್ಲಿದ್ದಲ ಮೇಲೆ ಸೆಸ್ ಇತ್ತಲ್ಲ, ಆ ದುಡ್ಡು ಸೋಲಾರ್‌ಗೆ ಹೋಯ್ತಾ?

ಆಡಿಟರ್: ಸ್ವಲ್ಪ ಹೋಯ್ತು. 2010ರಲ್ಲಿ ಟನ್ನಿಗೆ 50 ರೂಪಾಯಿ ಇತ್ತು. 2014ರಲ್ಲಿ 100, ಮರುವರ್ಷ 200, 2016ರಲ್ಲಿ 400. ಒಂದು ಯೂನಿಟ್ ಕರೆಂಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕು, ಅಂದ್ರೆ ಯೂನಿಟ್‌ಗೆ 26 ಪೈಸೆ. 2017ರವರೆಗೆ 86,000 ಕೋಟಿ ಚಿಲ್ಲರೆ ಬಂತು. ಹಸಿರು ಇಂಧನದ ನಿಧಿಗೆ ಹೋಗಿದ್ದು 30,000 ಕೋಟಿಗೂ ಕಡಿಮೆ. ಯೋಜನೆಗಳಿಗೆ ತಲುಪಿದ್ದು ಅದರಲ್ಲೂ ಅರ್ಧದಷ್ಟು. ಜಿಎಸ್‌ಟಿ ಬಂದ ಮೇಲೆ ಆ 400, ರಾಜ್ಯಗಳ ನಷ್ಟ ಪರಿಹಾರಕ್ಕೆ ಹೋಯ್ತು. 2025ರ ಸೆಪ್ಟೆಂಬರ್ 22ರಿಂದ ಅದೂ ಇಲ್ಲ, ಬದಲಿಗೆ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. ಮೊದಲು ತೂಕಕ್ಕೆ ತೆರಿಗೆ, ಈಗ ರೇಟಿಗೆ. ಬೂದಿ ಜಾಸ್ತಿ ಇರೋ ಅಗ್ಗದ ಕಲ್ಲಿದ್ದಲಿಗೆ ತೆರಿಗೆನೂ ಕಡಿಮೆ. ನನಗಂತೂ ಇದು ತಲೆಕೆಳಗು.

ಇನ್ನೊಂದು ವಿಷಯ. ಕಲ್ಲಿದ್ದಲು ತುಟ್ಟಿಯಾದರೆ ಸ್ಥಾವರದವರಿಗೆ ಅಷ್ಟಾಗಿ ಬಿಸಿ ತಟ್ಟುವುದಿಲ್ಲ. ಖರ್ಚು ಎಸ್ಕಾಂಗೆ ದಾಟುತ್ತದೆ, ಅಲ್ಲಿಂದ ನಿಮಗೆ. ಬಿಲ್ಲಿನಲ್ಲಿ ಎಫ್‌ಪಿಪಿಸಿಎ ಅಂತ ಒಂದು ಸಾಲು ಇದೆಯಲ್ಲ, ಅದೇ.

ಬೆಂಗಳೂರು ಟೆಕ್ಕಿ: ಬ್ರಿಟನ್ ನೋಡಿ ಕಲೀಬೇಕು. 2013ರಲ್ಲಿ ಇಂಗಾಲಕ್ಕೆ ಕನಿಷ್ಠ ಬೆಲೆ ಇಟ್ಟರು, 2024ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಲ್ಲಿದ್ದಲು ಸ್ಥಾವರಕ್ಕೆ ಬೀಗ. ರಾಯಚೂರನ್ನೂ ಮುಚ್ಚಿ.

ರಾಯಚೂರು ಹುಡುಗ: ಮುಚ್ಚಿದರೆ ನಮ್ಮಪ್ಪನಿಗೆ ನೀವು ಕೆಲಸ ಕೊಡ್ತೀರೇನ್ರೀ?

ಬೆಂಗಳೂರು ಟೆಕ್ಕಿ: ನಿಮಗೆ ಬೂದಿನೂ ಬೇಡ, ಮುಚ್ಚೋದೂ ಬೇಡ. ಒಂದು ನಿರ್ಧಾರ ಮಾಡಿ.

ಪಾವಗಡ ರೈತ: ನಿರ್ಧಾರ ನಾವು ಮಾಡಿ ಆಯ್ತು. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟಿದ್ದೀವಿ, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000. ನನಗೆ ಜಮೀನಿತ್ತು, ಬಾಡಿಗೆ ಬರುತ್ತೆ. ಕೂಲಿಗೆ ಬರ್ತಿದ್ದವರಿಗೆ ಏನು ಬರುತ್ತೆ? ಸೆಸ್ ದುಡ್ಡು ಅವರ ಕೈಗೆ ಯಾಕೆ ಕೊಡಲಿಲ್ಲ?

ಬೆಂಗಳೂರು ಟೆಕ್ಕಿ: ಎಲ್ಲದಕ್ಕೂ ಸರ್ಕಾರವೇ ಕೊಡಬೇಕಾ? 200 ಯೂನಿಟ್ ಫ್ರೀ ಸಾಲದಾ?

ಪಾವಗಡ ರೈತ: ಆ ಫ್ರೀ ನಿಮ್ಮ ಮನೆಗೂ ಬರ್ತಿಲ್ವಾ ಸ್ವಾಮಿ?

ಆಡಿಟರ್: ಬ್ರಿಟನ್ ಬಗ್ಗೆ ಒಂದೇ ಮಾತು. ಅಲ್ಲಿ ಗ್ಯಾಸ್ ಸ್ಥಾವರಗಳು ಕಟ್ಟಿ ನಿಂತಿದ್ದವು. ಕಲ್ಲಿದ್ದಲು ತುಟ್ಟಿಯಾದ ಕೂಡಲೇ ಗ್ಯಾಸ್ ಓಡಿತು, ಜೊತೆಗೆ ಕಡಲ ಗಾಳಿ ಬಂತು. ನಮ್ಮಲ್ಲಿ ರಾತ್ರಿ ಏಳಕ್ಕೆ ಓಡಿಸೋಕೆ ಏನಿದೆ? ಬ್ಯಾಟರಿ ಬೇಕು, ಅದಕ್ಕೆ ದುಡ್ಡು ಬೇಕು. ಕಲ್ಲಿದ್ದಲಿನ ತೆರಿಗೆ ಅಲ್ಲಿಗೆ ಹೋಗಬೇಕಿತ್ತು ಅನ್ನೋದೇ ನನ್ನ ತಕರಾರು. 2023ರಲ್ಲಿ ಕೇಂದ್ರ ತಂದ ಕಾರ್ಬನ್ ಮಾರುಕಟ್ಟೆಯಲ್ಲಿ ಸಿಮೆಂಟ್, ಅಲ್ಯೂಮಿನಿಯಂ ಎಲ್ಲ ಇವೆ, ಕಲ್ಲಿದ್ದಲು ಕರೆಂಟ್ ಸ್ಥಾವರಗಳೇ ಸದ್ಯಕ್ಕೆ ಇಲ್ಲ. ಊಟಕ್ಕೆ ಎಲೆ ಹಾಕಿ ಅನ್ನ ಮರೆತ ಹಾಗೆ.

ದಾವಣಗೆರೆ ಬೆಣ್ಣೆ: ಫಾರ್ವರ್ಡ್ ಆಗಿ ಬಂದಿದ್ದು: “ಸೋಲಾರ್ ಇದ್ದವರಿಗೆ ತಿಂಗಳಿಗೆ 5,000 ಕಾರ್ಬನ್ ಹಣ. ಇಂದೇ 2,500 ಕಟ್ಟಿ ನೋಂದಾಯಿಸಿ. ಸೋಲಾರ್ ಇಲ್ಲದವರು ಈ ಪವರ್ ಸೇವರ್ ಬಾಕ್ಸ್ ಪ್ಲಗ್ಗಿಗೆ ಹಾಕಿ, ಬಿಲ್ ಶೇ. 40 ಇಳಿಯುತ್ತದೆ.” ನಿಜಾನಾ ಸರ್?

ಆಡಿಟರ್: ಸುಳ್ಳು. ಮೇಷ್ಟ್ರಿಗೆ ಹಾಕಿದ ಲೆಕ್ಕ ಓದಿ, ವರ್ಷಕ್ಕೆ 900 ಬರದ ಕಡೆ ತಿಂಗಳಿಗೆ 5,000 ಎಲ್ಲಿಂದ ಬರುತ್ತೆ? ದುಡ್ಡು ಕಟ್ಟಬೇಡಿ, ಓಟಿಪಿ ಹೇಳಬೇಡಿ. ಆ ಬಾಕ್ಸನ್ನು ನಾನು ಬಿಚ್ಚಿ ನೋಡಿದ್ದೇನೆ. ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಮನೆ ಮೀಟರ್ ಎಣಿಸೋದು ಯೂನಿಟ್, ಕೆಪಾಸಿಟರ್ ಅದನ್ನು ಕಡಿಮೆ ಮಾಡಲ್ಲ. ದೀಪ ಮಾತ್ರ ಕರೆಂಟ್ ತಿನ್ನುತ್ತೆ.

ದಾವಣಗೆರೆ ಬೆಣ್ಣೆ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ನಮ್ಮ ಭಾವನಿಗೆ ಬಿಲ್ ಇಳಿದಿದೆ.

ಆಡಿಟರ್: ನಿಮ್ಮ ಭಾವ ಬೇಸಿಗೆಯಲ್ಲಿ ಹಾಕಿಸಿ ಮಳೆಗಾಲದ ಬಿಲ್ ನೋಡಿರಬೇಕು.

ಶಿರಸಿ ಅಡಿಕೆ: ಸರ್, ಪಹಣಿ ಕೊಡಬಹುದಾ?

ಬೆಂಗಳೂರು ಟೆಕ್ಕಿ: ಇಲ್ಲಿ ಓದುಬರಹ ಬಂದವರು ಕಡಿಮೆ ಅನ್ಸುತ್ತೆ.

ಅಡ್ಮಿನ್: ಟೆಕ್ಕಿ ಅವರೇ, ಆ ಮಾತು ಅಳಿಸಿ. ಇಲ್ಲದಿದ್ದರೆ ನಾನೇ ಅಳಿಸುತ್ತೇನೆ.

ಬೆಳಗಾವಿ ಫೌಂಡ್ರಿ: ಸರ್, ಫಿಟ್ಟಿಂಗ್ 7307, ಮುಚ್ಚಳ 7325. ಪಿಗ್ ಐರನ್ ನೂರಕ್ಕೆ 40 ಹಾಕ್ತೀವಿ. ರಿಜಿಸ್ಟರ್ ಇದೆ, ಆದರೆ ಮೇಸ್ತ್ರಿ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಏಜೆಂಟ್ ಈಗ ಮೂರನೇ ಸಲ ಫೋನ್ ಮಾಡ್ತಿದ್ದಾನೆ.

ಆಡಿಟರ್: 7307 ಸಿಬ್ಯಾಮ್ ಪಟ್ಟಿಯಲ್ಲಿದೆ. 7325 ಅಂದ್ರೆ ಮುಚ್ಚಳ, 2023ರ ಪಟ್ಟಿಯಲ್ಲಿ ಇರಲಿಲ್ಲ, ಜರ್ಮನಿಯವರಿಂದ ಬರಹದಲ್ಲಿ ಖಾತ್ರಿ ಮಾಡಿಸಿಕೊಳ್ಳಿ. ಎರಡರ ತೂಕ ಬೇರೆ ಬೇರೆ ಇಡಿ. ಪೆನ್ಸಿಲ್ ಆದರೂ ಸರಿ, ಮೂರು ತಿಂಗಳ ಪುಟಗಳ ಫೋಟೋ ನನಗೆ ನೇರವಾಗಿ ಕಳಿಸಿ. ಇನ್ನು ಮುಂದೆ ಪೆನ್ನಿನಲ್ಲಿ ಬರೆಯೋಕೆ ಹೇಳಿ. ಪಿಗ್ ಕೊಡೋರ ಹತ್ತಿರ ಅವರ ಹೊಗೆ ಲೆಕ್ಕ ಕೇಳಿ, ಕೊಡಲ್ಲ ಅಂದ್ರೆ ಅದನ್ನೂ ತಿಳಿಸಿ. ಏಜೆಂಟ್ ಫೋನ್ ಎತ್ತಬೇಡಿ. ನಾನು ಊಟಕ್ಕೆ ಹೊರಟೆ.

ಮಂಡ್ಯ ಬೆಲ್ಲ: ಸರ್, ಹೋಗೋ ಮುಂಚೆ ಒಂದೇ ಒಂದು. 2 ಕಿಲೋವ್ಯಾಟ್ ಇದ್ದರೆ ಕ್ರೆಡಿಟ್ ಬರುತ್ತಾ?