ಇಂಗ್ಲಿಷ್ ವಾಕ್ಯದಲ್ಲಿ ಒತ್ತು: ಕಲಿಯುವವರಿಗೆ ಹೇಗೆ ಹೇಳಿಕೊಡುವುದು?

ಪ್ರಶ್ನೆ

ವಯಸ್ಕರಿಗೆ ಇಂಗ್ಲಿಷ್ ಮಾತುಗಾರಿಕೆ ಕಲಿಸುತ್ತಿದ್ದೇನೆ. ಬಿಡಿ ಪದಗಳನ್ನು ಸರಿಯಾಗಿ ಉಚ್ಚರಿಸುವವರು ಕೂಡ ವಾಕ್ಯಕ್ಕೆ ಬಂದೊಡನೆ ಪ್ರತಿ ಪದಕ್ಕೂ ಒಂದೇ ತೂಕ ಕೊಡುತ್ತಾರೆ. ಮುಖ್ಯ ಪದವನ್ನು ಒತ್ತಿ ಹೇಳಿ ಎಂದರೆ ಅದನ್ನು ಕೂಗುತ್ತಾರೆ. ಉಳಿದವು ಇದ್ದಂತೆಯೇ ಇರುತ್ತವೆ. ನಾಮಪದ, ಮುಖ್ಯ ಕ್ರಿಯಾಪದ, ವಿಶೇಷಣಗಳಿಗೆ ಒತ್ತು ಬೀಳುತ್ತದೆ ಎಂಬ ನಿಯಮ ಎಲ್ಲರಿಗೂ ಬಾಯಿಪಾಠವಾಗಿದೆ, ಮಾತು ಮಾತ್ರ ಬದಲಾಗಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ 1

‘ಜೋರಾಗಿ ಹೇಳಿ’ ಎಂಬರ್ಥ ಬರುವ ಸೂಚನೆಯನ್ನು ಮೊದಲು ಕೈಬಿಡಿ. ಧ್ವನಿವಿಜ್ಞಾನಿ ಡೆನಿಸ್ ಫ್ರೈ 1955ರಲ್ಲಿ, ಒತ್ತಿನ ಸ್ಥಾನ ಬದಲಾದರೆ ನಾಮಪದವು ಕ್ರಿಯಾಪದವಾಗುವ ‘ಪರ್ಮಿಟ್’ನಂತಹ ಪದಗಳನ್ನು ಕೇಳಿಸಿ ನಡೆಸಿದ ಪ್ರಯೋಗದಲ್ಲಿ, ಕೇಳುಗರು ಒತ್ತನ್ನು ಗುರುತಿಸಲು ಧ್ವನಿಯ ಗಟ್ಟಿತನಕ್ಕಿಂತ ಅದರ ಅವಧಿಯನ್ನೇ ಹೆಚ್ಚು ಅವಲಂಬಿಸಿದ್ದು ಕಂಡುಬಂದಿತು. ಆದ್ದರಿಂದ ‘ಎಳೆದು ಹೇಳಿ’ ಎನ್ನುವುದು ಹೆಚ್ಚು ಉಪಯುಕ್ತ.

ನಾನಂತೂ ಪಾಠವನ್ನು ಒತ್ತಿಲ್ಲದ ಪದಗಳಿಂದಲೇ ತೊಡಗಿಸುತ್ತೇನೆ. ‘ಐ ಕ್ಯಾನ್ ಸ್ವಿಮ್’ ಎಂಬಲ್ಲಿ ನಡುವಿನ ಪದ ಸಹಜ ಮಾತಿನಲ್ಲಿ ‘ಕನ್’ ಎಂಬಷ್ಟಕ್ಕೆ ಕುಗ್ಗುತ್ತದೆ. ಕಲಿಯುವವರು ಅದನ್ನು ‘ಕ್ಯಾನ್’ ಎಂದು ಪೂರ್ತಿಯಾಗಿ ಹೇಳಿದಾಗ, ಕೊನೆಯ ‘ಟ್’ ನುಂಗುವ ಅಮೆರಿಕನ್ ಉಚ್ಚಾರಣೆಗೆ ಒಗ್ಗಿದವರಿಗೆ ಅದು ‘ಕ್ಯಾನ್ಟ್’ ಎಂದೇ ಕೇಳಿಸಬಹುದು. ಈಜು ಬರುತ್ತದೆ ಎಂದವರು ಬರುವುದಿಲ್ಲ ಎಂದಂತಾಗುತ್ತದೆ. ಈ ಒಂದು ಉದಾಹರಣೆ ಸಾಕು, ತರಗತಿ ಎಚ್ಚೆತ್ತುಕೊಳ್ಳುತ್ತದೆ.

ಬಳಿಕ ‘ಬಾಯ್ಸ್ ನೀಡ್ ಬುಕ್ಸ್’ ಎಂದು ಮೂರು ಬಾರಿ ಮೇಜು ತಟ್ಟಿಸಿ, ಅದೇ ಮೂರು ತಟ್ಟುಗಳಲ್ಲಿ ‘ದ ಬಾಯ್ಸ್ ವಿಲ್ ನೀಡ್ ದ ಬುಕ್ಸ್’ ಎಂದು ಹೇಳಿಸಿ. ಸಣ್ಣ ಪದಗಳು ತಾವಾಗಿಯೇ ನುಸುಳಿಕೊಳ್ಳುತ್ತವೆ.

ಉತ್ತರ 2

ತಟ್ಟುವುದು ಒಳ್ಳೆಯ ಅಭ್ಯಾಸವೇ, ಆದರೆ ಇಂಗ್ಲಿಷಿನಲ್ಲಿ ಒತ್ತುಗಳ ನಡುವಿನ ಅಂತರ ನಿಜಕ್ಕೂ ಸಮವಾಗಿರುತ್ತದೆ ಎಂದು ಹೇಳಿಕೊಡಬೇಡಿ. ಅಳೆದು ನೋಡಿದವರಿಗೆ ಆ ಸಮತೆ ಸಿಕ್ಕಿಲ್ಲ.

ವಿಶೇಷ ಒತ್ತಿನ ವಿಷಯಕ್ಕೆ ಬಂದರೆ, ಕನ್ನಡ ಬಲ್ಲವರಿಗೆ ‘ನಾನೇ ನಿನ್ನೆ ಬಂದೆ’, ‘ನಾನು ನಿನ್ನೆಯೇ ಬಂದೆ’ ಎಂಬೆರಡರ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ನಮ್ಮ ‘ಏ’ಕಾರ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಧ್ವನಿಯೇ ಮಾಡಬೇಕು. ‘ಮೀರಾ ಲೆಫ್ಟ್ ಆನ್ ಮಂಡೇ’ ಎಂಬ ಒಂದೇ ಉತ್ತರಕ್ಕೆ ಪ್ರಶ್ನೆಗಳನ್ನು ಬದಲಿಸುತ್ತಾ ಹೋಗಿ: ಸೋಮವಾರ ಹೊರಟವರು ಯಾರು, ಮೀರಾ ಸೋಮವಾರ ಬಂದಳೇ, ಹೊರಟದ್ದು ಮಂಗಳವಾರವೇ. ‘ಮೀರಾ’ ಎಂಬುದನ್ನು ಒತ್ತಿದಾಗ ಅಲ್ಲಿಂದ ಮುಂದೆ ಸ್ವರ ತಗ್ಗಿ ಕೊನೆಯವರೆಗೂ ತಗ್ಗಿಯೇ ಇರಬೇಕು. ಕಲಿಯುವವರು ಎಡವುವುದು ಇಲ್ಲಿಯೇ. ‘ಮಂಡೇ’ ಬಂದಾಗ ಸ್ವರವನ್ನು ಮತ್ತೆ ಏರಿಸಿ, ಕೇಳುವವರಿಗೆ ಯಾವುದು ಮುಖ್ಯವೆಂದು ತಿಳಿಯದಂತೆ ಮಾಡುತ್ತಾರೆ.

ನೀವು ಬಾಯಿಪಾಠ ಮಾಡಿಸಿದ ನಿಯಮವೂ ಇಲ್ಲಿ ನಿಲ್ಲುವುದಿಲ್ಲ. ಕರೆ ಮಾಡಲೇ ಇಲ್ಲ ಎಂಬ ಆಕ್ಷೇಪಕ್ಕೆ ‘ಐ ಡಿಡ್ ಕಾಲ್’ ಎನ್ನುವಾಗ ಒತ್ತು ಸಹಾಯಕ ಕ್ರಿಯಾಪದದ ಮೇಲೆ ಬೀಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ‘ಕನ್’ ಒಂದೇ ದಿನದಲ್ಲಿ ಹಿಡಿತಕ್ಕೆ ಬಂದಿತು. ಆದರೆ ಹಾಳೆ ನೋಡಿ ಓದುವಾಗ ಎಲ್ಲರೂ ಮತ್ತೆ ‘ಕ್ಯಾನ್’ಗೆ ಮರಳುತ್ತಾರೆ.

ಉತ್ತರ 1

ಅಕ್ಷರ ಕಣ್ಣಿಗೆ ಬಿದ್ದರೆ ನಾಲಿಗೆ ಅದನ್ನು ಪೂರ್ತಿ ಹೇಳಲು ಹೋಗುತ್ತದೆ. ಕೆಲವು ವಾರ ಹಾಳೆಯನ್ನೇ ಕೊಡದೆ, ಕಿವಿಯಿಂದ ಕೇಳಿಸಿ ಹೇಳಿಸಿ.