ಎರಡು ಹೆಡ್‌ಫೋನ್ ಆಂಪ್‌ಗಳ ಸಣ್ಣ ವ್ಯತ್ಯಾಸ ಹಿಡಿಯಲು ಕಿವಿ ಪಳಗಿಸುವುದು ಹೇಗೆ?

ಹೊಸಕಿವಿ:
ಒಂದೇ ಹೆಡ್‌ಫೋನ್, ಒಂದೇ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಪೆಟ್ಟಿಗೆ), ಆಂಪ್ (ಆ ಸಂಕೇತವನ್ನು ಹೆಡ್‌ಫೋನ್‌ಗೆ ಬೇಕಾದಷ್ಟು ಬಲಪಡಿಸುವುದು) ಮಾತ್ರ ಎರಡು. ವಿಮರ್ಶೆಗಳಲ್ಲಿ ಒಂದಕ್ಕೆ ‘ಬೆಚ್ಚನೆಯ ದನಿ’, ಇನ್ನೊಂದಕ್ಕೆ ‘ವಿಶಾಲ ವೇದಿಕೆ’ ಅಂತ ಬರೆದಿದ್ದಾರೆ. ಬದಲಿಸಿ ಬದಲಿಸಿ ಕೇಳಿದರೂ ಇವತ್ತು ಕೇಳಿಸಿದ್ದು ನಾಳೆ ಕೇಳಿಸುವುದಿಲ್ಲ. ಇದಕ್ಕೆ ಕ್ರಮವಾದ ಅಭ್ಯಾಸ ಅಂತ ಇದೆಯೇ? ಎಲ್ಲಿಂದ ಶುರು ಮಾಡಬೇಕು, ದಿನಕ್ಕೆ ಎಷ್ಟು ಹೊತ್ತು? ಲ್ಯಾಪ್‌ಟಾಪಿನಲ್ಲಿ ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿ ಇದೆ, ಒಂದು ಸಾಧಾರಣ ಮಲ್ಟಿಮೀಟರ್ ಇದೆ.

ನೂಲೆಳೆ:
ಆಂಪ್ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಕಲಿಯಬೇಕಾದ್ದು ಯಾವ ಆವರ್ತನ ಏರಿದೆ, ಯಾವುದು ಇಳಿದಿದೆ ಅಂತ ಗುರುತಿಸುವುದು. ‘ಬೆಚ್ಚಗೆ’ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘250 ಹರ್ಟ್ಸ್ ಹತ್ತಿರ 3 ಡೆಸಿಬೆಲ್ ಏರಿದೆ’ ಅಂದರೆ ಎಲ್ಲರಿಗೂ ಒಂದೇ.

ರೆಕಾರ್ಡಿಂಗ್ ತರಬೇತಿಯಲ್ಲಿ ಸ್ವರಾಕ್ಷರಗಳ ಉಪಾಯವೊಂದಿದೆ. ಕನ್ನಡದ ದೀರ್ಘ ಸ್ವರಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಪಿಂಕ್ ನಾಯ್ಸ್‌ನಲ್ಲಿ (ಎಲ್ಲ ಆವರ್ತನಗಳೂ ಬೆರೆತ ಸದ್ದು) 250 ಹರ್ಟ್ಸ್ ಉಬ್ಬಿಸಿದರೆ ಆ ಸೋ ಎನ್ನುವ ಸದ್ದಿಗೆ ‘ಊ’ ಬಣ್ಣ ಬರುತ್ತದೆ. 500ಕ್ಕೆ ‘ಓ’, 1000ಕ್ಕೆ ‘ಆ’, 2000ಕ್ಕೆ ‘ಏ’, 4000ಕ್ಕೆ ‘ಈ’. 8000 ಬಂದರೆ ‘ಸ್’. ನಾವು ಮಾತಾಡುವಾಗಲೂ ಆಗುವುದು ಇದೇ: ಬಾಯಿಯ ಆಕಾರ ಬದಲಾದಂತೆ ಗಂಟಲಿನ ಅದೇ ದನಿಯಲ್ಲಿ ಬೇರೆ ಬೇರೆ ಆವರ್ತನ ಪಟ್ಟಿಗಳು ಉಬ್ಬುತ್ತವೆ, ಕಿವಿ ಅದನ್ನು ಬೇರೆ ಸ್ವರ ಅಂತ ಓದಿಕೊಳ್ಳುತ್ತದೆ.

ಆಡಾಸಿಟಿಯಲ್ಲಿ 10 ಸೆಕೆಂಡು ಪಿಂಕ್ ನಾಯ್ಸ್ ಮಾಡಿ. ಆಂಪ್ಲಿಟ್ಯೂಡ್ 0.1 ಇರಲಿ, ಇಲ್ಲದಿದ್ದರೆ ಉಬ್ಬಿಸಿದಾಗ ಕ್ಲಿಪ್ ಆಗುತ್ತದೆ (ಮಿತಿ ಮೀರಿ ಸದ್ದು ಒಡೆಯುತ್ತದೆ). ಪ್ರತಿ ತೆಗೆದು ಈಕ್ವಲೈಜರ್‌ನಲ್ಲಿ ಒಂದು ಆಕ್ಟೇವ್ (ಆವರ್ತನ ಇಮ್ಮಡಿಯಾಗುವಷ್ಟು) ಅಗಲಕ್ಕೆ 12 ಡೆಸಿಬೆಲ್ ಏರಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ: ಏರಿಸಿದ ಫೈಲು ಒಟ್ಟಾರೆ ಜೋರೂ ಆಗಿರುತ್ತದೆ, ಕಿವಿ ಆ ಜೋರನ್ನಷ್ಟೇ ಕಲಿಯುತ್ತದೆ. ಅದಕ್ಕೇ ಎಲ್ಲ ಫೈಲುಗಳನ್ನೂ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಒಂದೇ ಮಟ್ಟಕ್ಕೆ ತನ್ನಿ. ಮೂರೇ ಪಟ್ಟಿಗಳಿಂದ ಶುರು ಮಾಡಿ: 250, 1000, 4000. ಪ್ಲೇಯರ್‌ನಲ್ಲಿ ಶಫಲ್ ಹಾಕಿ, ಪರದೆ ನೋಡದೆ ಹೇಳಿ. ಹತ್ತಕ್ಕೆ ಒಂಬತ್ತು ಸರಿ ಬಂದ ಮೇಲೆ ಆರೂ ಪಟ್ಟಿ ಸೇರಿಸಿ. ಆಮೇಲೆ ಉಬ್ಬನ್ನು 9, 6, 3ಕ್ಕೆ ಇಳಿಸುತ್ತ ಹೋಗಿ. ಏರಿಸುವ ಬದಲು ತಗ್ಗಿಸಿದ್ದನ್ನು ಗುರುತಿಸುವುದು ಇನ್ನೂ ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ದಿನಕ್ಕೆ 15–20 ನಿಮಿಷ ಸಾಕು. ದಣಿದ ಕಿವಿ ತಪ್ಪನ್ನೇ ಕಲಿಯುತ್ತದೆ. ಎದುರು ಕೂತವರ ಮಾತಿನಷ್ಟು ಜೋರಿದ್ದರೆ ಸಾಕು.

ಸಂಗೀತಕ್ಕೆ ಬಂದಾಗ ತಂಬೂರಿಯಿಂದ ಶುರು ಮಾಡುವುದು ಒಳ್ಳೆಯದು. ಕುದುರೆಯ (ತಂತಿಗಳನ್ನು ಹೊರುವ ತುಂಡು) ಮೇಲೆ ತಂತಿಯಡಿ ಇಟ್ಟ ನೂಲೆಳೆಯಿಂದಾಗಿ ಮೀಟಿದ ನಾದದೊಳಗೆ ಮೇಲಿನ ಹಾರ್ಮೋನಿಕ್‌ಗಳು (ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನ ದನಿಗಳು) ಒಂದೊಂದಾಗಿ ಎದ್ದು ಇಳಿಯುತ್ತವೆ. ನಾದ ಎಡೆಬಿಡದೆ ಹರಿಯುವುದರಿಂದ ಹೋಲಿಸಲು ಕಿವಿಗೆ ಪುರುಸೊತ್ತು ಸಿಗುತ್ತದೆ. ಒಂದೇ ಮೀಟಿನ ಬಾಲವನ್ನು ಹಿಡಿದು ಕೇಳಿ: ಆ ‘ಝೇಂ’ ಎಷ್ಟು ಎತ್ತರದವರೆಗೆ ಬಿಡಿಬಿಡಿಯಾಗಿ ಕೇಳಿಸುತ್ತದೆ, ಎಲ್ಲಿಂದಾಚೆ ಬರೀ ಹೊಳಪಾಗಿ ಉಳಿಯುತ್ತದೆ?

ಓಮ್‌ಪ್ರಿಯ:
ಮೇಲಿನದೆಲ್ಲ ಸರಿ. ಆಂಪ್ ಹೋಲಿಸಲು ಕೂತಾಗ ಮಾತ್ರ ಮೊದಲ ಕೆಲಸ ಮಟ್ಟ ಸರಿಹೊಂದಿಸುವುದು. ಅರ್ಧ ಡೆಸಿಬೆಲ್ ಹೆಚ್ಚಿದ್ದರೆ ಅದು ಜೋರು ಅಂತ ಅನಿಸುವುದೇ ಇಲ್ಲ, ‘ಹೆಚ್ಚು ಸ್ಪಷ್ಟ’ ಅನಿಸುತ್ತದೆ. ಎರಡರ ಅಂತರ 0.1 ಡೆಸಿಬೆಲ್ ಒಳಗೆ ಬರಬೇಕು, ಅಂದರೆ ವೋಲ್ಟೇಜ್‌ನಲ್ಲಿ ಸುಮಾರು ಶೇ. 1.2.

ನಿಮ್ಮ ಮಲ್ಟಿಮೀಟರ್ ನೋಡಿಕೊಳ್ಳಿ. ಹಳದಿ ಬಣ್ಣದ ಅಗ್ಗದ ಡಿಟಿ-830 ಬಗೆಯದಾದರೆ ಅದರಲ್ಲಿ ಎಸಿಗೆ 200 ಮತ್ತು 750 ವೋಲ್ಟ್ ರೇಂಜ್ ಮಾತ್ರ. 0.1 ವೋಲ್ಟ್‌ಗಿಂತ ಸಣ್ಣದು ಅದಕ್ಕೆ ಕಾಣದು, ಈ ಕೆಲಸಕ್ಕೆ ಆಗದು. ಎಸಿಯಲ್ಲಿ 2 ವೋಲ್ಟ್ ರೇಂಜ್ ಇರುವುದು ಬೇಕು. ಎಷ್ಟೋ ಮೀಟರ್‌ಗಳು 400 ಹರ್ಟ್ಸ್ ದಾಟಿದರೆ ನಂಬಿಕೆಗೆ ತಕ್ಕವಲ್ಲ, ಹಾಗಾಗಿ 200 ಹರ್ಟ್ಸ್ ಸೈನ್ ಟೋನ್ ಬಳಸಿ. ಕವಲು ಕೇಬಲ್ ಹಾಕಿ, ಹೆಡ್‌ಫೋನ್ ಸಿಕ್ಕಿಸಿಟ್ಟೇ ಅಳೆಯಿರಿ, ಆದರೆ ಕಿವಿಯಿಂದ ತೆಗೆದಿಡಿ. 0.300 ವೋಲ್ಟ್‌ಗೆ ಒಂದನ್ನು ನಿಲ್ಲಿಸಿದರೆ ಇನ್ನೊಂದು 0.297ರಿಂದ 0.303ರೊಳಗೆ ಬರಲಿ. ಎಡ ಬಲ ಎರಡನ್ನೂ ಅಳೆಯಿರಿ. ಪೊಟೆನ್ಷಿಯೋಮೀಟರ್ (ವಾಲ್ಯೂಮ್ ತಿರುಗಿಸುವ ಗುಬ್ಬಿ) ಶುರುವಿನ ತಿರುವಿನಲ್ಲಿ ಎಡ-ಬಲ ಸಮ ಇರುವುದಿಲ್ಲ. ಗಾಯಕರು ಒಂದು ಬದಿಗೆ ಸರಿದಂತೆ ಕೇಳಿಸಿದರೆ ಅದನ್ನೂ ‘ವೇದಿಕೆ’ಯ ಗುಣ ಅಂತ ಬರೆಯುವವರಿದ್ದಾರೆ.

ಪ್ಲಗ್ ಕಿತ್ತು ಸಿಕ್ಕಿಸಿ ಹೋಲಿಸಬೇಡಿ. ಸೂಕ್ಷ್ಮ ನಾದದ ನೆನಪು ಕೆಲವೇ ಸೆಕೆಂಡು ನಿಲ್ಲುತ್ತದೆ. ಗಿಟಾರ್ ಪೆಡಲ್‌ಗೆ ಹಾಕುವ ಒಂಬತ್ತು ಕಾಲಿನ 3ಪಿಡಿಟಿ ಸ್ವಿಚ್ ತಂದು ಎಡ, ಬಲ, ಗ್ರೌಂಡ್ ಮೂರನ್ನೂ ಅದರ ಮೂಲಕ ಒಯ್ಯಿರಿ. ಒಂದನ್ನು ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುವ ಬಗೆಯದಾಗಿರಲಿ, ಇಲ್ಲದಿದ್ದರೆ ಎರಡು ಆಂಪ್‌ಗಳ ಔಟ್‌ಪುಟ್ ಒಂದು ಕ್ಷಣ ಮುಖಾಮುಖಿಯಾಗುತ್ತದೆ. ಬ್ಯಾಲೆನ್ಸ್‌ಡ್ ಔಟ್‌ಪುಟ್ (ಎಡ ಬಲಕ್ಕೆ ಒಂದೇ ಗ್ರೌಂಡ್ ಇಲ್ಲದ್ದು) ಇದಕ್ಕೆ ಕೂಡದು. ಸ್ವಿಚ್ ಒತ್ತಲು ಬೇರೊಬ್ಬರು ಕೂರಲಿ, ನಾಣ್ಯ ಚಿಮ್ಮಿ ತೀರ್ಮಾನಿಸಲಿ. ಬದಲಿಸಿದರೂ ಬದಲಿಸದಿದ್ದರೂ ನಾಲ್ಕಾರು ಸಲ ಟಕಟಕ ಒತ್ತಿ ನಿಲ್ಲಿಸಲಿ, ನಿಮಗೆ ಎಣಿಕೆ ಸಿಗಬಾರದು.

ಹೊಸಕಿವಿ:
ಸ್ವಿಚ್ ಮಾಡಿ, ಮಟ್ಟ ಹೊಂದಿಸಿ ನೋಡಿದೆ. ಹತ್ತಕ್ಕೆ ಏಳು ಸರಿ ಬಂತು. ವ್ಯತ್ಯಾಸ ಇದೆ ಅಂತಲೇ ತಾನೆ?

ಲೆಕ್ಕಿಗ:
ಇಲ್ಲ, ಅಷ್ಟರಿಂದ ಹೇಳಲಾಗದು. ಕಣ್ಣುಮುಚ್ಚಿ ಊಹಿಸಿದರೂ ಹತ್ತಕ್ಕೆ ಏಳು ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಶೇ. 17. ಹದಿನಾರು ಸುತ್ತು ಮಾಡಿ. 12 ಸರಿ ಬಂದರೆ ಅದು ಶೇ. 4ಕ್ಕಿಂತ ಕಡಿಮೆಗೆ ಇಳಿಯುತ್ತದೆ. ಎಷ್ಟು ಸುತ್ತು ಅಂತ ಮೊದಲೇ ಬರೆದಿಡಿ, ಅಂಕ ಚೆನ್ನಾಗಿ ಬಂದ ಕಡೆ ನಿಲ್ಲಿಸಿದರೆ ಲೆಕ್ಕ ಕೆಟ್ಟಿತು. ನಾಲ್ಕು ಸುತ್ತಿಗೊಮ್ಮೆ ವಿರಾಮ ತೆಗೆದುಕೊಳ್ಳಿ. ಹತ್ತು ಸೆಕೆಂಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿ.

ಫೈಲುಗಳನ್ನು ಹೋಲಿಸುವ ಅಭ್ಯಾಸಕ್ಕೆ ಫೂಬಾರ್2000 ಎಂಬ ಪ್ಲೇಯರ್‌ನ ಎಬಿಎಕ್ಸ್ ಕಂಪೊನೆಂಟ್ (ಯಾವುದೆಂದು ಮರೆಮಾಚಿ ಕೇಳಿಸಿ ಗುರುತಿಸಲು ಹೇಳುವ ಪರೀಕ್ಷೆ) ಸಾಕು. ಖಂಜಿರದ ಏಟುಗಳಿರುವ ತುಣುಕನ್ನು ಎಂಪಿ3ಯಲ್ಲಿ 64, 96, 128 ಕೆಬಿಪಿಎಸ್‌ಗೆ ಇಳಿಸಿ ಮೂಲದ ಜೊತೆ ಹೋಲಿಸಿ. ಏಟು ಬೀಳುವ ಮುಂಚೆಯೇ ಒಂದು ಸಣ್ಣ ‘ಸರ್’ ಕೇಳಿಸುತ್ತದೆ, ಏಟಿನ ಅಂಚು ಮೊಂಡಾಗುತ್ತದೆ. ಎಂಪಿ3ಯ ಆರಂಭದಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳಬಹುದು. ಅದನ್ನು ಕತ್ತರಿಸಿ ಎರಡನ್ನೂ ಒಂದೇ ಬಿಂದುವಿಗೆ ತರದಿದ್ದರೆ ಆ ತಡವೇ ಗುಟ್ಟು ಬಿಟ್ಟುಕೊಡುತ್ತದೆ.

ಓಮ್‌ಪ್ರಿಯ:
ಹದಿನಾರು ಸುತ್ತಿನಲ್ಲೂ ಏನೂ ಸಿಗದಿದ್ದರೆ ಆಶ್ಚರ್ಯಪಡಬೇಡಿ. ಕ್ಲಿಪ್ ಆಗದ, ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನ ವಿದ್ಯುತ್ ತಡೆ) ಕಡಿಮೆ ಇರುವ ಒಳ್ಳೆಯ ಆಂಪ್‌ಗಳನ್ನು ಮಟ್ಟ ಹೊಂದಿಸಿದ ಮೇಲೆ ಬೇರ್ಪಡಿಸುವುದು ಬಹಳ ಕಷ್ಟ. ಖಚಿತವಾಗಿ ಕೇಳಿಸುವ ಸಂದರ್ಭ ಒಂದಿದೆ: ಒಂದು ಆಂಪ್‌ನ ಔಟ್‌ಪುಟ್ 10 ಓಮ್, ಇನ್ನೊಂದರದು 1 ಓಮ್, ಕಿವಿಯಲ್ಲಿ ಹಲವು ಡ್ರೈವರ್‌ಗಳ (ಸದ್ದು ಹೊರಡಿಸುವ ಘಟಕ) ಇಯರ್‌ಫೋನ್. ಅಂಥ ಇಯರ್‌ಫೋನಿನ ಇಂಪೀಡೆನ್ಸ್ ಒಂದು ಆವರ್ತನದಲ್ಲಿ 10 ಓಮ್, ಇನ್ನೊಂದರಲ್ಲಿ 40 ಓಮ್ ಇದ್ದರೆ, 10 ಓಮ್ ಆಂಪ್‌ನಲ್ಲಿ ಆ ಎರಡು ಜಾಗಗಳ ನಡುವೆ 4 ಡೆಸಿಬೆಲ್ ಏರುಪೇರು ಬರುತ್ತದೆ. 1 ಓಮ್‌ನಲ್ಲಿ ಸುಮಾರು 0.6. ನಿಮ್ಮದು ಪ್ಲೇನಾರ್ (ಚಪ್ಪಟೆ ತೆಳು ಪೊರೆ ಕಂಪಿಸುವ ಬಗೆಯ) ಹೆಡ್‌ಫೋನ್ ಆದರೆ ಇಂಪೀಡೆನ್ಸ್ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಆಗ ಈ ವ್ಯತ್ಯಾಸವೂ ಇಲ್ಲ. ಮಾಡೆಲ್ ಯಾವುದು ಹೇಳಿ.