8 ಇಂಚಿನ ನ್ಯೂಟೋನಿಯನ್‌ಗೆ ಕಾಲಿಮೇಶನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸೋದು): ಲೇಸರ್ ತಗೊಳ್ಳೋದಾ, ಚೆಶೈರ್ ಸಾಕಾ?

ಗುಮ್ಮಟದ_ರಾತ್ರಿ (ವಿಜಯಪುರ)
ನನ್ನ ಹತ್ತಿರ 8 ಇಂಚಿನ ಡಾಬ್ಸೋನಿಯನ್ (ಸರಳ ಸ್ಟ್ಯಾಂಡ್ ಮೇಲೆ ಕೂತ ನ್ಯೂಟೋನಿಯನ್, ಅಂದ್ರೆ ಕನ್ನಡಿ ದೂರದರ್ಶಕ) ಇದೆ, ಫೋಕಲ್ ಲೆಂತ್ 1200 ಮಿ.ಮೀ. ಊರೊಳಗೆ ಬೀದಿದೀಪ ಜಾಸ್ತಿ. ಹಾಗಾಗಿ ಟ್ಯೂಬನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಲಮಟ್ಟಿ ಕಡೆ ಹೋಗುತ್ತೇನೆ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಕನ್ನಡಿ ಕದಲುತ್ತೆ ಅನ್ನಿಸುತ್ತೆ. ಕಡಿಮೆ ಪವರ್‌ನಲ್ಲಿ ಏನೂ ಗೊತ್ತಾಗಲ್ಲ. 200 ಪಟ್ಟು ದಾಟಿದರೆ ಗುರುವಿನ ಪಟ್ಟೆಗಳು ಕಲಸಿಹೋಗುತ್ತವೆ, ನಕ್ಷತ್ರಕ್ಕೆ ಒಂದೇ ಬದಿಗೆ ಬಾಲ ಬರುತ್ತೆ. ಅಗ್ಗದ ಲೇಸರ್ ಕಾಲಿಮೇಟರ್ ಸಾಕಾ? ಚೆಶೈರ್ (ಇಣುಕಿ ನೋಡೋ ತೂತಿರುವ ಕೊಳವೆ), ಆಟೋಕಾಲಿಮೇಟರ್ (ಒಳಗೆ ಕನ್ನಡಿಯಿರುವ, ಇನ್ನೂ ಸೂಕ್ಷ್ಮವಾದದ್ದು) ಅಂತೆಲ್ಲ ಇವೆ. ಒಂದೇ ತಗೊಳ್ಳೋದಾದರೆ ಯಾವುದು?

ಕುಂದಾನಗರಿ_ಕ್ಯಾಮೆರಾ (ಬೆಳಗಾವಿ)
ಲೇಸರ್ ತಗೊಳ್ರೀ. ಕತ್ತಲಲ್ಲೂ ಎರಡು ನಿಮಿಷದ ಕೆಲಸ. ಚುಕ್ಕೆ ಮಧ್ಯಕ್ಕೆ ಬಂತು, ಮುಗೀತು.

ಘಟಪ್ರಭೆ_ದಂಡೆ (ಬಾಗಲಕೋಟೆ)
ಅಷ್ಟು ಸುಲಭ ಅಲ್ಲ. ಲೇಸರ್ ಬೇಡವೇ ಬೇಡ ಅನ್ನಲ್ಲ, ಮೊದಲು ಬೇಡ ಅಂತೀನಿ.

ಅಗ್ಗದ ಲೇಸರ್‌ನಲ್ಲಿ ಡಯೋಡೇ ಕೊಳವೆಗೆ ನೇರವಾಗಿ ಕೂತಿರಲ್ಲ. ನನಗೆ ಬಂದಿದ್ದನ್ನು ಹಲಗೆಗೆ ನಾಲ್ಕು ಮೊಳೆ ಹೊಡೆದು, ಅದರ ಮೇಲಿಟ್ಟು ಮೆಲ್ಲಗೆ ತಿರುಗಿಸಿದೆ. ಪಡಸಾಲೆಯ ಆ ತುದಿಯ ಗೋಡೆ ಮೇಲೆ ಕೆಂಪು ಚುಕ್ಕೆ ರುಪಾಯಿ ನಾಣ್ಯದಷ್ಟು ಸುತ್ತು ಹಾಕಿತು. ಸರಿಯಿದ್ದರೆ ನಿಂತಲ್ಲೇ ನಿಲ್ಲಬೇಕು. ಮಾರಿದವರು ಫೋನೇ ಎತ್ತಲಿಲ್ಲ. ಪಕ್ಕದಲ್ಲಿದ್ದ ಮೂರು ಪುಟ್ಟ ಸ್ಕ್ರೂಗಳಿಂದ ನಾನೇ ಸರಿಮಾಡಿಕೊಂಡೆ. ಅಂದ್ರೆ ಕಾಲಿಮೇಟರ್‌ಗೇ ಮೊದಲು ಕಾಲಿಮೇಶನ್!

ಲೇಸರ್ ಸರಿಯಿದ್ದರೂ ಇನ್ನೊಂದು ತಕರಾರು ಇದೆ. ಸೆಕೆಂಡರಿ ಕನ್ನಡಿ (ಟ್ಯೂಬಿನ ಬಾಯಿ ಹತ್ತಿರದ ಚಿಕ್ಕ ಓರೆ ಕನ್ನಡಿ) ಸ್ವಲ್ಪ ತಿರುಗಿ ಕೂತಿದ್ದರೂ ಸ್ಕ್ರೂ ತಿರುವಿ ಚುಕ್ಕೆಯನ್ನು ಮಧ್ಯಕ್ಕೆ ತರಬಹುದು. ಆ ಕನ್ನಡಿ ಫೋಕಸರ್ (ಐಪೀಸ್ ಹಾಕೋ ಕೊಳವೆ) ಕೆಳಗೆ ದುಂಡಗೆ, ನಡುವೆ ಕೂತಿದೆಯಾ ಅನ್ನೋದನ್ನು ಲೇಸರ್ ಹೇಳಲ್ಲ. ಅದಕ್ಕೆ ಕ್ರಾಸ್‌ಹೇರ್ ಇರುವ ಉದ್ದನೆ ಚೆಶೈರ್ ಬೇಕು. ಬ್ಯಾಟರಿ ಇಲ್ಲ, ಕೆಡೋದಕ್ಕೆ ಒಳಗೆ ಏನೂ ಇಲ್ಲ.

ಮೊದಲು ಸೆಕೆಂಡರಿ ದುಂಡಗೆ ಕಾಣೋ ಹಾಗೆ ಮಾಡಿ. ಆಮೇಲೆ ಅದರ ಸ್ಕ್ರೂ ತಿರುವಿ ಕ್ರಾಸ್‌ಹೇರನ್ನು ಪ್ರೈಮರಿ (ತಳದ ದೊಡ್ಡ ಕನ್ನಡಿ) ನಡುವೆ ಗುರುತಿಗೆ ಅಂಟಿಸಿರೋ ಉಂಗುರಕ್ಕೆ ತನ್ನಿ. ಇದು ಪದೇ ಪದೇ ಕೆಡಲ್ಲ. ಪ್ರಯಾಣದಲ್ಲಿ ಕೆಡೋದು ಸಾಮಾನ್ಯವಾಗಿ ಪ್ರೈಮರಿ. ಹಿಂದಿನ ಲಾಕ್ ಸ್ಕ್ರೂ ಸಡಿಲಿಸಿ, ಚೆಶೈರ್‌ನ ಕಪ್ಪು ಚುಕ್ಕೆ ಉಂಗುರದೊಳಗೆ ಬರೋವರೆಗೆ ತಿರುವಿದರೆ ಆಯ್ತು. ಕತ್ತಲಾಗಿದ್ದರೆ ಚೆಶೈರ್‌ನ ಪಕ್ಕದ ಕಿಂಡಿಗೆ ಟಾರ್ಚ್ ಹಿಡಿಯಿರಿ. ಸೆಕೆಂಡರಿ ಮುಟ್ಟುವಾಗ ಮಾತ್ರ ಟ್ಯೂಬ್ ಅಡ್ಡ ಮಲಗಿರಲಿ. ಅಲೆನ್ ಕೀ ಕೈ ಜಾರಿದರೆ ನೇರ ಪ್ರೈಮರಿ ಮೇಲೆ!

ಆಟೋಕಾಲಿಮೇಟರ್ ಎಫ್/4ರವರ (ಫೋಕಲ್ ಲೆಂತ್ ಕನ್ನಡಿ ಅಗಲದ ನಾಲ್ಕೇ ಪಟ್ಟು ಇರೋರ) ತಲೆನೋವು. ಕೋಮಾ (ನಕ್ಷತ್ರಕ್ಕೆ ಬಾಲ ಬರೋ ದೋಷ) ಕಾಡದೆ ಚೂಪಾಗಿ ಕಾಣುವ ಜಾಗದ ಅಗಲ, ಎಫ್ ಸಂಖ್ಯೆ ಇಳಿದ ಹಾಗೆ ಅದರ ಘನದ ಲೆಕ್ಕದಲ್ಲಿ ಕುಗ್ಗುತ್ತೆ. ಎಫ್/8ರಲ್ಲಿ ಸುಮಾರು 11 ಮಿ.ಮೀ. ಇದ್ದದ್ದು ಎಫ್/4ರಲ್ಲಿ ಒಂದೂವರೆಯೂ ಇರಲ್ಲ. ನಿಮ್ಮದು ಎಫ್/6, ಐದರ ಹತ್ತಿರ ಸಿಗುತ್ತೆ.

ಕುಂದಾನಗರಿ_ಕ್ಯಾಮೆರಾ
ಒಪ್ಪಿದೆ. ಆದರೆ ಲೇಸರನ್ನು ಬಾರ್ಲೋ ಲೆನ್ಸ್‌ಗೆ (ಐಪೀಸಿನ ಪವರ್ ಹೆಚ್ಚಿಸೋ ಲೆನ್ಸ್) ಹಾಕಿ ನೋಡಿದ್ದೀರಾ? ಕಿರಣ ಹರಡಿ, ಪ್ರೈಮರಿಯ ಉಂಗುರದ ನೆರಳು ವಾಪಸ್ ಬರುತ್ತೆ. ಆ ನೆರಳನ್ನು ಮಧ್ಯಕ್ಕೆ ತಂದರೆ ಸಾಕು. ಲೇಸರ್ ಸ್ವಲ್ಪ ಓರೆಯಿದ್ದರೂ ಪ್ರೈಮರಿ ಸರಿಯಾಗುತ್ತೆ.

ಘಟಪ್ರಭೆ_ದಂಡೆ
ಹೌದು, ನಾನೂ ಈಗ ಲೇಸರನ್ನು ಹಾಗೇ ಬಳಸ್ತೀನಿ. ಪ್ರೈಮರಿಗೆ ಮಾತ್ರ.

ಕೊನೆಗೆ ನಕ್ಷತ್ರದಲ್ಲೇ ಪರೀಕ್ಷೆ ಮಾಡಿ. ಸ್ವಲ್ಪ ಫೋಕಸ್ ಕೆಡಿಸಿದರೆ ಉಂಗುರಗಳು ಒಂದರೊಳಗೊಂದು ಸಮವಾಗಿರಬೇಕು. ಧ್ರುವ ನಕ್ಷತ್ರ ಸರಿಯೋದಿಲ್ಲ, ಅದನ್ನೇ ಹಿಡೀರಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಕಡೆ ಅದು 17 ಡಿಗ್ರಿಯೂ ಏರಲ್ಲ, ಧೂಳಿನಲ್ಲಿ ಕುದೀತಾ ಇರುತ್ತೆ. ನೆತ್ತಿ ಹತ್ತಿರದ್ದನ್ನು ಆರಿಸಿ, ಜರುಗಿದ ಹಾಗೆ ಟ್ಯೂಬ್ ತಳ್ಳಿ ಮಧ್ಯದಲ್ಲೇ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಕಾರಿನಿಂದ ಇಳಿಸಿದ ಕೂಡಲೇ ನೋಡಿದರೆ ಸುಮ್ನೆ ಬೇಜಾರು. ಕನ್ನಡಿಯ ಬಿಸಿ ಆರಲಿ.

ಗುಮ್ಮಟದ_ರಾತ್ರಿ
ಹಾಗಾದರೆ ಚೆಶೈರ್ ತರಿಸ್ತೀನಿ. ಆದರೆ ನನ್ನ ಪ್ರೈಮರಿ ನಡುವೆ ಉಂಗುರವೇ ಇಲ್ಲವಲ್ಲ? ಹಳೇ ಮಾಲೀಕರು ಉಜ್ಜಿ ತೆಗೆದ ಹಾಗಿದೆ.

ಘಟಪ್ರಭೆ_ದಂಡೆ
ಅಂಟಿಸಿ. ಕನ್ನಡಿ ಹೊರಗೆ ತೆಗೆದು, ಅದರಳತೆಗೇ ಬಟರ್ ಪೇಪರ್ ದುಂಡಗೆ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ತುದಿ ಚೂರು ಕತ್ತರಿಸಿ. ಬಿಚ್ಚಿ ಕನ್ನಡಿ ಮೇಲೆ ಉಜ್ಜದೆ ಇಟ್ಟರೆ ತೂತು ಇರೋದೇ ಕೇಂದ್ರ. ಅಲ್ಲಿ ಮಾರ್ಕರ್‌ನಿಂದ ಸಣ್ಣ ಚುಕ್ಕೆ ಇಟ್ಟು, ಫೈಲ್ ಹಾಳೆಗಳ ತೂತಿಗೆ ಹಚ್ಚುವ ರಿಂಗ್ ಸ್ಟಿಕ್ಕರ್ ಅದರ ಸುತ್ತ ಅಂಟಿಸಿ. ಆ ಜಾಗ ಹೇಗೂ ಸೆಕೆಂಡರಿಯ ನೆರಳಲ್ಲಿರುತ್ತೆ, ನೋಟಕ್ಕೆ ಏನೂ ತೊಂದರೆ ಇಲ್ಲ. ಸ್ಟೇಶನರಿ ಅಂಗಡಿಯಲ್ಲಿ ಸಿಗುತ್ತೆ.